ಅನಾಫಿಲಾಕ್ಸಿಸ್: ದದ್ದು ಬರ್ಲಿ ಅಂತ ಕಾಯ್ಬೇಡಿ

ಅಲರ್ಜಿ ಅಂದ ಕೂಡ್ಲೇ ನಾವೆಲ್ಲ ಹುಡ್ಕೋದು ಮೈಮೇಲಿನ ದದ್ದು, ತುರಿಕೆನ. ಆದ್ರೆ ಅನಾಫಿಲಾಕ್ಸಿಸ್, ಅಂದ್ರೆ ಜೀವಕ್ಕೇ ಅಪಾಯ ತರೋ ಜೋರಾದ ಅಲರ್ಜಿಲೂ 100ರಲ್ಲಿ 10-20 ಜನಕ್ಕೆ ಚರ್ಮದ ಮೇಲೆ ಏನೂ ಕಾಣಲ್ಲ, ನೇರ ಉಸಿರಾಟಕ್ಕೋ ಬಿಪಿಗೋ ಹೊಡೆತ ಬೀಳುತ್ತೆ, ಈ ಪಾಯಿಂಟ್ ದಯವಿಟ್ಟು ಮರೀಬೇಡಿ.

ಒಳಗೆ ಏನಾಗುತ್ತೆ ಅಂದ್ರೆ, ಹಿಂದೆ ಯಾವಾಗ್ಲೋ ಆ ವಸ್ತು ದೇಹಕ್ಕೆ ಬಂದಾಗ ತಯಾರಾದ ಐಜಿಇ ಆಂಟಿಬಾಡಿಗಳು (ಆ ವಸ್ತುನ ಗುರುತು ಹಿಡಿಯೋ ಪ್ರೋಟೀನ್‌ಗಳು) ರೋಗನಿರೋಧಕ ವ್ಯವಸ್ಥೆಯ ಮಾಸ್ಟ್ ಸೆಲ್‌ಗಳ ಮೇಲೆ ಕೂತಿರ್ತವೆ, ಅದೇ ವಸ್ತು ಮತ್ತೆ ಬಂತು ಅಂದ್ರೆ ಆ ಸೆಲ್‌ಗಳು ಒಳಗಿರೋ ಹಿಸ್ಟಮಿನ್ ಅನ್ನೋ ರಾಸಾಯನಿಕನೆಲ್ಲ ಒಂದೇ ಸಲ ಸುರಿದುಬಿಡ್ತವೆ, ರಕ್ತನಾಳ ಹಿಗ್ಗಿ ಸೋರುತ್ತೆ, ಬಿಪಿ ಬೀಳುತ್ತೆ, ಗಂಟಲು ಊದುತ್ತೆ, ಶ್ವಾಸನಾಳ ಬಿಗಿಯುತ್ತೆ. ಕಡಲೆಕಾಯಿ, ಸೀಗಡಿ, ಜೇನುಹುಳ, ಪೆನ್ಸಿಲಿನ್, ಕಾರಣ ಯಾವ್ದಾದ್ರೂ ಇರ್ಲಿ.

ಪೆನ್ಸಿಲಿನ್ ಐವಿ (ರಕ್ತನಾಳಕ್ಕೆ ಡ್ರಿಪ್) ಶುರುವಾಗಿ ಮೂರ್ನಾಲ್ಕು ನಿಮಿಷ ಆಗಿದೆ ಅಂದ್ಕೊಳ್ಳಿ. ಪೇಶೆಂಟ್ ಅಂಗೈ ಕೆರ್ಕೊಳ್ತಿದಾರೆ, ಪದೇ ಪದೇ ಗಂಟಲು ಸರಿ ಮಾಡ್ಕೊಳ್ತಾರೆ, ದನಿ ಗೊಗ್ಗರಾಗಿದೆ, "ಯಾಕೋ ಜೀವ ಹೋಗೋ ಥರ ಆಗ್ತಿದೆ" ಅಂತಾರೆ. ಗಾಬರಿಗೆ ಹೇಳ್ತಿದಾರೆ ಅಂತ ತಳ್ಳಿಹಾಕ್ಬೇಡಿ, ಆ ಭಯಾನೂ ಒಂದು ಲಕ್ಷಣಾನೇ. ಡ್ರಿಪ್ ನಿಲ್ಸಿ, ಕೂಗಿ ಸಹಾಯ ಕರೀರಿ, ತಕ್ಷಣ ಅಡ್ರಿನಲಿನ್ ಕೊಡ್ಬೇಕು.

ಈ ಅಡ್ರಿನಲಿನ್ ಇಂಜೆಕ್ಷನ್ ಕೊಡೋದು ತೊಡೆಯ ಮಧ್ಯಭಾಗದಲ್ಲಿ ಹೊರಗಡೆಯ ಸ್ನಾಯುಗೆ. ಕೆಜಿಗೆ 0.01 ಎಂಜಿ, ದೊಡ್ಡವ್ರಿಗೆ ಜಾಸ್ತಿ ಅಂದ್ರೆ 0.5 ಎಂಜಿ, 1 ಎಂಎಲ್‌ಗೆ 1 ಎಂಜಿ ಇರೋ ಆಂಪೂಲಲ್ಲಿ ಅದು ಅರ್ಧ ಎಂಎಲ್. 5 ನಿಮಿಷ ಆದ್ರೂ ಸುಧಾರಿಸ್ಲಿಲ್ಲ ಅಂದ್ರೆ ಇನ್ನೊಂದು ಡೋಸ್. ಆಟೋಇಂಜೆಕ್ಟರ್ (ಡೋಸ್ ಮೊದಲೇ ತುಂಬಿರೋ ಪೆನ್ನಿನಂಥ ಇಂಜೆಕ್ಷನ್) ಇದ್ರೆ ಬಟ್ಟೆ ಮೇಲಿಂದಾನೇ ಒತ್ತಬಹುದು. ಆಂಟಿಹಿಸ್ಟಮಿನ್ (ಹಿಸ್ಟಮಿನ್ ತಡೆಯೋ) ಮಾತ್ರೆ ಕೊಟ್ಟು ನೋಡೋಣ ಅಂತ ಕೂರೋದು ತುಂಬಾ ಅಪಾಯ, ಅದು ತುರಿಕೆ ತಗ್ಗಿಸುತ್ತೆ ಅಷ್ಟೇ, ಮುಚ್ಕೊಳ್ತಿರೋ ಗಂಟಲನ್ನ ತೆರೆಯಲ್ಲ, ಬಿದ್ದ ಬಿಪಿನ ಎತ್ತಲ್ಲ.

ಇನ್ನೊಂದು, ಓದುವಾಗ ನಾವು ಸುಮ್ನೆ ದಾಟಿಬಿಡೋದು, ಮಲಗಿಸೋ ರೀತಿ. ಅಂಗಾತ ಮಲಗಿಸಿ ಕಾಲು ಎತ್ತರಕ್ಕಿಡಿ, ಉಸಿರು ಕಟ್ತಿದ್ರೆ ಕಾಲು ಚಾಚಿ ಕೂರಿಸಿ, ವಾಂತಿ ಇದ್ರೆ ಮಗ್ಗುಲಿಗೆ, ಗರ್ಭಿಣಿಯಾದ್ರೆ ಎಡ ಮಗ್ಗುಲಿಗೆ. ಸ್ವಲ್ಪ ಹುಷಾರಾಯ್ತು ಅಂತ ಬಾತ್‌ರೂಮಿಗೆ ನಡೆಸ್ಕೊಂಡು ಹೋಗ್ಲೇಬೇಡಿ, ಎದ್ದು ನಿಂತ ತಕ್ಷಣ ಹೃದಯಕ್ಕೆ ವಾಪಸ್ ಬರೋ ರಕ್ತ ಕಮ್ಮಿಯಾಗಿ ಅಲ್ಲೇ ಹೃದಯ ನಿಂತುಹೋಗಬಹುದು.

ಪೂರ್ತಿ ಸರಿಹೋದ್ಮೇಲೂ ಕೆಲವ್ರಿಗೆ ಗಂಟೆಗಳ ನಂತರ, ಅಲರ್ಜಿ ತಂದ ವಸ್ತು ಮತ್ತೆ ತಾಕದಿದ್ರೂ, ಎರಡನೇ ಸಲ ಬರುತ್ತೆ, ಅದಕ್ಕೇ ಆಸ್ಪತ್ರೆಲಿ ಉಳಿಸ್ಕೊಂಡು ನೋಡೋದು.