ಇಂಟ್ರಾಲಿಪಿಡ್‌ನಲ್ಲಿ ಬೆಳಕಿನ ಚದುರುವಿಕೆ ಅಳೆಯೋದು: ಪ್ರಾಕ್ಟಿಕಲ್‌ಗೆ ಮುಂಚೆ ಓದ್ಕೊಳ್ಳಿ

ಟಿಶ್ಯೂ ಫ್ಯಾಂಟಮ್ ಅಂದ್ರೆ ನಮ್ಮ ಚರ್ಮ, ಸ್ನಾಯು ಬೆಳಕನ್ನ ಹೆಂಗೆ ಚದುರಿಸುತ್ತೋ ಹಂಗೇ ಚದುರಿಸೋ ನಕಲು ಮಾದರಿ, ನಾವು ಅದನ್ನ ಇಂಟ್ರಾಲಿಪಿಡ್ ಅನ್ನೋ ದ್ರವದಲ್ಲಿ ಮಾಡ್ತೀವಿ. ಇಂಟ್ರಾಲಿಪಿಡ್ ಅಸಲಿಗೆ ಊಟ ಮಾಡಕ್ಕಾಗದ ರೋಗಿಗಳಿಗೆ ಡ್ರಿಪ್‌ನಲ್ಲಿ ಕೊಡೋದು, ಸೋಯಾ ಎಣ್ಣೆ, ಮೊಟ್ಟೆ ಲೆಸಿಥಿನ್, ಗ್ಲಿಸರಿನ್, ನೀರು ಅಷ್ಟೇ ಇರುತ್ತೆ. ಹಾಲಲ್ಲೂ ಮಾಡಬಹುದು, ಆದ್ರೆ ಹಾಲಿನ ಕೊಬ್ಬು ಒಂದೇ ತರ ಇರಲ್ಲ, ರೀಡಿಂಗ್ ಹೋಲಿಸೋದು ಕಷ್ಟ.

ಈಗ ಮುಖ್ಯ ವಿಷಯ. ಒಂದು ಸೆಂ.ಮೀ. ದಾರೀಲಿ ಬೆಳಕು ಸರಾಸರಿ ಎಷ್ಟು ಸಲ ಚದುರುತ್ತೆ ಅನ್ನೋದು ಮ್ಯೂ-ಎಸ್, ಚದುರಿದಾಗ ಎಷ್ಟರಮಟ್ಟಿಗೆ ಮುಂದಕ್ಕೇ ಹೋಗುತ್ತೆ ಅನ್ನೋದು ಜಿ. ಟಿಶ್ಯೂಗೆ ಜಿ ಸುಮಾರು 0.9, ಇಂಟ್ರಾಲಿಪಿಡ್‌ಗೆ ಕೆಂಪು ಬೆಳಕಲ್ಲಿ 0.75ರ ಹತ್ತಿರ. ಹಾಗಾದ್ರೆ ಎರಡೂ ಒಂದೇ ಹೆಂಗಾಗುತ್ತೆ ಅಂತ ಕೇಳ್ತೀರ, ಮ್ಯೂ-ಎಸ್‌ನ (1 – ಜಿ)ಯಿಂದ ಗುಣಿಸಿ ನೋಡಿ: ಟಿಶ್ಯೂಲಿ 100 × 0.1 = 10, ಇಂಟ್ರಾಲಿಪಿಡ್‌ನಲ್ಲಿ 40 × 0.25 = 10. ಇದೇ ಮ್ಯೂ-ಎಸ್-ಪ್ರೈಮ್, ನಾವು ಹೊಂದಿಸಬೇಕಾಗಿರೋದು ಇದನ್ನ. 20% ಬಾಟಲಿಯಿಂದ 5 ಎಂಎಲ್‌ಗೆ 95 ಎಂಎಲ್ ನೀರು ಹಾಕಿದ್ರೆ 1% ಆಗುತ್ತೆ, ಅದು ಹೆಚ್ಚುಕಮ್ಮಿ ಅಲ್ಲಿಗೇ ಬರುತ್ತೆ.

ಆದ್ರೆ ಆ 1% ದ್ರವಾನ ಹಂಗೇ 1 ಸೆಂ.ಮೀ. ಕ್ಯೂವೆಟ್‌ಗೆ (ಸ್ಯಾಂಪಲ್ ಹಾಕೋ ಪಾರದರ್ಶಕ ಚಿಕ್ಕ ಡಬ್ಬಿ) ಹಾಕಿ ಲೇಸರ್ ಬಿಟ್ರೆ ನೇರವಾಗಿ ದಾಟೋ ಬೆಳಕು ಇ-ಯ ಘಾತ ಮೈನಸ್ 40, ಅಂದ್ರೆ ಏನೂ ಇಲ್ಲ, ಡಿಟೆಕ್ಟರ್ ತೋರಿಸೋದೆಲ್ಲ ಚದುರಿ ಬಂದಿದ್ದು. ಮಳೆಗಾಲದಲ್ಲಿ ಸಂಪಾಜೆ ಘಾಟಿ ಮಂಜಲ್ಲಿ ಎದುರಿಗೆ ಬಸ್ ಬಂದ್ರೆ ಬರೀ ಬೆಳ್ಳನೆ ಬೆಳಕು ಕಾಣುತ್ತೆ, ಹೆಡ್‌ಲೈಟ್ ಬಲ್ಬ್ ಕಾಣಲ್ವಲ್ಲ, ಹಂಗೆ. ನಮಗೆ ಬೇಕಾಗಿರೋದು ಬಲ್ಬ್ ಮಾತ್ರ. ಅದಕ್ಕೇ ಇನ್ನೂ 40 ಪಟ್ಟು ತೆಳು ಮಾಡಿ, ಆಗ 37% ದಾಟುತ್ತೆ. ಡಿಟೆಕ್ಟರ್ ದೂರ ಇಡಿ, ಮುಂದೆ ಪಿನ್‌ಹೋಲ್ ಹಾಕಿ, ಐ-ಝೀರೋ (ಸ್ಯಾಂಪಲ್ ಇಲ್ಲದಾಗಿನ ರೀಡಿಂಗ್; ಸ್ಯಾಂಪಲ್ ಇದ್ದಾಗಿನದು ಐ) ತಗೊಳ್ಳೋವಾಗ ಅದೇ ಕ್ಯೂವೆಟ್‌ನಲ್ಲಿ ಬರೀ ನೀರು ತುಂಬಿ.

ನಾಲ್ಕೈದು ಸಾಂದ್ರತೆಗೆ ಐ-ಝೀರೋ ಬೈ ಐ-ನ ನ್ಯಾಚುರಲ್ ಲಾಗ್ ಪ್ಲಾಟ್ ಮಾಡಿ, ನೇರ ಗೆರೆ ಬರಬೇಕು, ಅದರ ಸ್ಲೋಪ್‌ನಿಂದ ಮ್ಯೂ-ಎಸ್ ಸಿಗುತ್ತೆ. ಸಾಂದ್ರತೆ ಜಾಸ್ತಿ ಆದ ಕಡೆ ಗೆರೆ ಕೆಳಗೆ ಬಾಗಿದ್ರೆ ಚದುರಿದ ಬೆಳಕು ಪಿನ್‌ಹೋಲ್ ಒಳಗೆ ನುಗ್ತಿದೆ ಅಂತ ಅರ್ಥ, ಆ ಪಾಯಿಂಟ್‌ಗಳನ್ನ ಫಿಟ್‌ಗೆ ಸೇರಿಸಬೇಡಿ.

ಮಡಿಕೇರಿಯಲ್ಲಿ ಜೂನ್-ಜುಲೈನಲ್ಲಿ ಮಾಡೋರು ಒಂದು ಗಮನದಲ್ಲಿಡಿ, ಫ್ರಿಜ್‌ನಿಂದ ತೆಗೆದ ತಣ್ಣಗಿನ ಸ್ಯಾಂಪಲ್ ಹಾಕಿದ ತಕ್ಷಣ ಕ್ಯೂವೆಟ್ ಹೊರಗೆ ಹನಿ ಕಟ್ಟುತ್ತೆ, ಆ ಹನೀನೂ ಬೆಳಕು ಚದುರಿಸುತ್ತೆ. ರೂಮ್ ಟೆಂಪರೇಚರ್‌ಗೆ ಬರಲಿ, ಲೆನ್ಸ್ ಪೇಪರ್‌ನಲ್ಲಿ ಒರೆಸಿ. ಕರೆಂಟ್ ಹೋಗಿ ಬಂದ್ರೆ ಲೇಸರ್ ಸ್ಟೆಡಿ ಆಗೋವರೆಗೂ ಕಾದು ಐ-ಝೀರೋ ಮತ್ತೆ ತಗೊಳ್ಳಿ.

ಹೀಗೆ ಸಿಗೋದು ಮ್ಯೂ-ಎಸ್ ಮಾತ್ರ, ಜಿ ಸಿಗಲ್ಲ. ಮ್ಯೂ-ಎಸ್-ಪ್ರೈಮ್ ನೇರವಾಗಿ ಬೇಕಂದ್ರೆ 1% ದ್ರವಾನೇ ದೊಡ್ಡ ಪಾತ್ರೆಲಿ ತುಂಬಿ, ಒಳಗೆ ಫೈಬರ್ ಇಳಿಸಿ, ಮೂಲದಿಂದ ದೂರ ಹೋದಂಗೆ ಬೆಳಕು ಹೆಂಗೆ ಇಳಿಯುತ್ತೆ ನೋಡಬೇಕು, ಆಮೇಲೆ ಇಂಡಿಯಾ ಇಂಕ್ (ಬೆಳಕನ್ನ ಹೀರೋ ಕಪ್ಪು ಮಸಿ) ಸ್ವಲ್ಪ ಸ್ವಲ್ಪ ಹಾಕಿ ಅದನ್ನೇ ರಿಪೀಟ್ ಮಾಡಬೇಕು. ಇಂಕ್‌ನ ಕಾರ್ಬನ್ ಕಣಗಳೂ ಸ್ವಲ್ಪ ಚದುರಿಸ್ತವೆ, ಹಂಗಾಗಿ ಸ್ಪೆಕ್ಟ್ರೋಫೋಟೋಮೀಟರ್ ಕೊಡೋ ನಂಬರ್ ಪೂರ್ತಿ ಹೀರುವಿಕೆ ಅಂತ ತಗೋಬೇಡಿ.