ಕಾರ್ನೆಲ್‌ನ ಸುರಂಗ: ಸೋರಿದ ಶಕ್ತಿಯೇ ಕೆಲಸಕ್ಕೆ ಬಂದಾಗ

ಆಕ್ಸಿಲರೇಟರ್ (ಕಣಗಳ ವೇಗ ಹೆಚ್ಚಿಸುವ ಯಂತ್ರ) ಕೆಲಸದಲ್ಲಿರುವ ನಮ್ಮನ್ನು ಸದಾ ಕಾಡುವ ಪ್ರಶ್ನೆ ಒಂದಿದೆ. ಎಲೆಕ್ಟ್ರಾನ್‌ಗೆ ಕೊಟ್ಟ ಶಕ್ತಿ ಎಲ್ಲಿ ಸೋರಿಹೋಗುತ್ತದೆ? ಈ ಪ್ರಶ್ನೆಯ ಬೆನ್ನುಹತ್ತಿ ಬೆಳೆದ ಲ್ಯಾಬ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ್ದು.

ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ 1947ರಲ್ಲಿ ಅಲ್ಲಿಗೆ ಬಂದರು. ಅವರ ತಂಡ ಒಂದಾದ ಮೇಲೊಂದು ಸಿಂಕ್ರೊಟ್ರಾನ್ (ಉಂಗುರಾಕಾರದ ಆಕ್ಸಿಲರೇಟರ್) ಕಟ್ಟಿತು. 1960ರ ದಶಕದ ಕೊನೆಗೆ ಆಟದ ಮೈದಾನದ ಕೆಳಗೆ ಸುರಂಗ ಕೊರೆದು 10 ಜಿಇವಿ (ಕಣದ ಶಕ್ತಿಯ ಅಳತೆ) ಯಂತ್ರ ಕೂರಿಸಿದರು. ವಿಲ್ಸನ್ ಫರ್ಮಿಲ್ಯಾಬ್ ಎಂಬ ಇನ್ನೊಂದು ಕಣಭೌತ ಲ್ಯಾಬ್ ಕಟ್ಟಲು ಹೋದರು. 1979ರಲ್ಲಿ ಅದೇ ಸುರಂಗಕ್ಕೆ 768 ಮೀಟರ್ ಸುತ್ತಳತೆಯ ಸೀಸರ್ ಉಂಗುರ ಬಂತು. ಅದರಲ್ಲಿ ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣ ಪಾಸಿಟ್ರಾನ್‌ಗಳನ್ನು ಡಿಕ್ಕಿ ಹೊಡೆಸಿ 2008ರವರೆಗೂ ಬಿ ಮೆಸಾನ್, ಚಾರ್ಮ್ ಎಂಬ ಅಲ್ಪಾಯುಷಿ ಕಣಗಳನ್ನು ಅಳೆದರು.

ಎಲೆಕ್ಟ್ರಾನ್ ತಿರುವಿನಲ್ಲಿ ಎಕ್ಸ್‌-ರೇ ಚೆಲ್ಲುತ್ತದೆ. ಉಂಗುರ ಹಾಗೇ ಇದ್ದು ಶಕ್ತಿ ಎರಡು ಪಟ್ಟಾದರೆ ಪ್ರತಿ ಸುತ್ತಿನ ನಷ್ಟ ಹದಿನಾರು ಪಟ್ಟಾಗುತ್ತದೆ! ಕಣಭೌತವಿಜ್ಞಾನಿಗೆ ಇದು ಸುಮ್ನೆ ತಲೆನೋವು. ಆದರೆ ಆ ಎಕ್ಸ್‌-ರೇ ಬಳಸಲೆಂದೇ ಉಂಗುರದ ಪಕ್ಕ ಚೆಸ್ ಎಂಬ ಕೇಂದ್ರ ಹುಟ್ಟಿತು. ಪೊಟ್ಯಾಸಿಯಂ ಅಯಾನು ಜೀವಕೋಶದ ಪೊರೆ ದಾಟುವ ದಾರಿಯ ರಚನೆಯನ್ನು ರಾಡ್ರಿಕ್ ಮೆಕಿನನ್ ಅಲ್ಲಿನ ಎಕ್ಸ್‌-ರೇಯಿಂದ ಬಿಡಿಸಿದರು. ಅವರಿಗೆ 2003ರಲ್ಲಿ ನೊಬೆಲ್ ಬಂತು. ಡಿಕ್ಕಿ ಪ್ರಯೋಗಗಳು ಮುಗಿದ ಮೇಲೂ ಉಂಗುರ ಸುತ್ತುತ್ತಿರುವುದು ಮುಖ್ಯವಾಗಿ ಈ ಬೆಳಕಿಗಾಗಿಯೇ.

ನನಗೆ ಜಾಸ್ತಿ ಇಷ್ಟವಾದದ್ದು ಸಿಬೀಟಾ ಎಂಬ ಅಲ್ಲಿನ ಪ್ರಾಯೋಗಿಕ ಆಕ್ಸಿಲರೇಟರ್. ಕೆಲಸ ಮುಗಿಸಿದ ಎಲೆಕ್ಟ್ರಾನ್ ಕಿರಣವನ್ನು ಎಸೆಯುವ ಬದಲು, ಅದರ ಶಕ್ತಿಯನ್ನು ವಾಪಸ್ ಪಡೆಯಬಹುದು ಎಂದು ಕಾರ್ನೆಲ್‌ನ ವಿಜ್ಞಾನಿ ಮೌರಿ ಟಿಗ್ನರ್ 1965ರಲ್ಲೇ ಬರೆದಿದ್ದರು. ಕಿರಣವನ್ನು ವೇಗವರ್ಧಕ ಕ್ಯಾವಿಟಿಗೆ (ವಿದ್ಯುತ್ಕಾಂತ ಅಲೆಯಿಂದ ಎಲೆಕ್ಟ್ರಾನನ್ನು ತಳ್ಳುವ ಲೋಹದ ಕೋಶ) ಮತ್ತೆ ಕಳಿಸಬೇಕು, ಆದರೆ ಅಲೆ ತಿರುಗುಮುರುಗಾಗಿರುವ ಹೊತ್ತಿಗೆ. ಆಗ ಎಲೆಕ್ಟ್ರಾನ್ ತನ್ನ ಶಕ್ತಿಯನ್ನು ಕ್ಯಾವಿಟಿಗೆ ಬಿಟ್ಟುಕೊಡುತ್ತದೆ. ಅದೇ ಶಕ್ತಿ ಹೊಸ ಎಲೆಕ್ಟ್ರಾನ್‌ಗೆ ಸಿಗುತ್ತದೆ. ಸಾಮಾನ್ಯ ತಾಮ್ರದ ಕ್ಯಾವಿಟಿಯಲ್ಲಿ ಗೋಡೆಯೇ ಬಹುಪಾಲು ಶಕ್ತಿ ತಿಂದುಬಿಡುತ್ತದೆ. ಹಾಗಾಗಿ ವಿದ್ಯುತ್ತಿಗೆ ಬಹುತೇಕ ಅಡ್ಡಿಯನ್ನೇ ಒಡ್ಡದ ಸೂಪರ್‌ಕಂಡಕ್ಟರ್ ಬೇಕೇ ಬೇಕು. ಬ್ರೂಕ್‌ಹೇವನ್ ಲ್ಯಾಬ್ ಜೊತೆ ಸೇರಿ ಕಟ್ಟಿದ ಸಿಬೀಟಾ 2019ರ ಡಿಸೆಂಬರ್‌ನಲ್ಲಿ ಇದನ್ನು ಮಾಡಿ ತೋರಿಸಿತು. ನಾಲ್ಕು ಸುತ್ತು ಏರಿ 150 ಎಂಇವಿ (ಜಿಇವಿಯ ಸಾವಿರದ ಒಂದು ಪಾಲು ಒಂದು ಎಂಇವಿ), ಮತ್ತೆ ನಾಲ್ಕು ಸುತ್ತು ಇಳಿಕೆ. ನಾಲ್ಕು ಬೇರೆ ಬೇರೆ ಶಕ್ತಿಯ ಕಿರಣಗಳು ಶಾಶ್ವತ ಅಯಸ್ಕಾಂತಗಳ ಒಂದೇ ಕೊಳವೆಯಲ್ಲಿ ಓಡಿದವು. ಒಂದು ಕಿರಣವನ್ನು ಹಿಡಿದಿಡುವುದೇ ಎಷ್ಟು ಕಷ್ಟ ಅಂತ ಬಲ್ಲವರಿಗೆ ಇದರ ಬೆಲೆ ಗೊತ್ತು.

ಈಗಿನ ಹೋರಾಟ ಚಳಿಯದು. ಸೂಪರ್‌ಕಂಡಕ್ಟರ್ ಆಗಿ ಬಳಸುವ ನಿಯೋಬಿಯಂ ಲೋಹದ ಕ್ಯಾವಿಟಿಯನ್ನು ಸಾಮಾನ್ಯವಾಗಿ 2 ಕೆಲ್ವಿನ್, ಅಂದರೆ −271 ಡಿಗ್ರಿಗೆ ತಣಿಸಬೇಕು. ಆ ತಂಪಿಗೆ ಕರೆಂಟು ವಿಪರೀತ ಬೇಕು. ಒಳಗೋಡೆಗೆ ತವರದ ಆವಿ ಹಾಯಿಸಿ ನಿಯೋಬಿಯಂ-ತವರದ ಪದರ ಬೆಳೆಸಿದರೆ 4.2 ಕೆಲ್ವಿನ್ ಸಾಕು. ಪದರ ಎಲ್ಲೆಡೆ ಒಂದೇ ಸಮ ಬರಬೇಕು. ಸಣ್ಣ ದೋಷವಿದ್ದರೂ ಅಲ್ಲಿ ಬಿಸಿಯಾಗುತ್ತದೆ. ಆ ದೋಷ ಹುಟ್ಟುವುದು ಹೇಗೆ ಎಂದು ಕಾರ್ನೆಲ್ ತಂಡ ಈಗ ಹುಡುಕುತ್ತಿದೆ.