ಗಂಡು-ಹೆಣ್ಣು ಇಲ್ಲದಿದ್ದರೆ ಎಲ್ಲವೂ ಜೆರಾಕ್ಸ್ ಕಾಪಿನಾ?

ಪ್ರಶ್ನೆ: ಬಿಸಿಲಿನಿಂದ ಆಹಾರ ತಯಾರಿಸುವ ಸಮುದ್ರದ ಬ್ಯಾಕ್ಟೀರಿಯಾ ಪ್ರೊಕ್ಲೊರೊಕಾಕಸ್. ಅದು ಒಂದು ಒಡೆದು ಎರಡಾಗುತ್ತದೆ, ಅಷ್ಟೇ. ಹಾಗಾದರೆ ಸಮುದ್ರದಲ್ಲಿ ಇರೋದೆಲ್ಲ ಒಂದರದ್ದೇ ಜೆರಾಕ್ಸ್ ಅಲ್ವಾ? ವೈವಿಧ್ಯ ಎಲ್ಲಿಂದ ಬರಬೇಕು?

ಅಲ್ಲ. ಎಷ್ಟು ಸಲ ಹೇಳಿದರೂ ಈ ಜೆರಾಕ್ಸ್ ಕಥೆ ಮತ್ತೆ ಬರುತ್ತದೆ. ಇರಲಿ, ಇನ್ನೊಮ್ಮೆ.

ಬೆಚ್ಚಗಿನ ಸಮುದ್ರದ ಒಂದು ಮಿಲಿಲೀಟರ್ ನೀರಿನಲ್ಲಿ ಇವು ಒಂದು ಲಕ್ಷದಷ್ಟು ಇರಬಹುದು. ಹೆಚ್ಚುಕಡಿಮೆ ದಿನಕ್ಕೊಂದು ಸಲ ಒಡೆಯುತ್ತವೆ. ಪ್ರತಿ ಸಲವೂ ಡಿಎನ್‌ಎ ನಕಲಾಗಬೇಕು, ಅಪರೂಪಕ್ಕೆ ತಪ್ಪೂ ಆಗುತ್ತದೆ. ಇಡೀ ಸಮುದ್ರದ ಲೆಕ್ಕ ಹಿಡಿದರೆ ಆ ಅಪರೂಪ ದಿನನಿತ್ಯದ ಮಾತು. ಸಾಲದ್ದಕ್ಕೆ ವೈರಸ್‌ಗಳು. ಒಂದರ ಜೀನ್ ಹೊತ್ತು ಇನ್ನೊಂದಕ್ಕೆ ಸೇರಿಸುತ್ತವೆ. ಬಿಸಿಲಿನಿಂದ ಆಹಾರ ತಯಾರಿಸುವ ಕೆಲಸದ ಜೀನ್‌ಗಳೇ ಈ ವೈರಸ್‌ಗಳಲ್ಲಿ ಸಿಕ್ಕಿವೆ! ಜೀನ್ ಕೊಟ್ಟು ತೆಗೆದುಕೊಳ್ಳೋಕೆ ಮದುವೆಯೇ ಆಗಬೇಕೆಂದಿಲ್ಲ.

ಸುಮ್ನೆ ಹೇಳುತ್ತಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿ ಪೆನ್ನಿ ಚಿಸಮ್ ಅವರ ತಂಡ ಅಟ್ಲಾಂಟಿಕ್‌ನ ಬರ್ಮುಡಾ ದ್ವೀಪದ ಹತ್ತಿರದ ನೀರಿನಿಂದ ಒಂದೊಂದೇ ಕೋಶ ಬೇರೆ ಮಾಡಿ ಅದರ ಜೀನೋಮ್, ಅಂದರೆ ಡಿಎನ್‌ಎಯ ಪೂರ್ತಿ ಬರಹ, ಓದಿತು. ಫಲಿತಾಂಶ 2014ರಲ್ಲಿ ಬಂತು: ಕೆಲವೇ ಮಿಲಿಲೀಟರಿನಲ್ಲಿ ನೂರಾರು ಉಪಗುಂಪುಗಳು. ಇವು ಕವಲೊಡೆದು ಹತ್ತಾರು ಲಕ್ಷ ವರ್ಷ ಆಗಿರಬಹುದು. ಆದರೂ ಒಂದೇ ಹನಿಯಲ್ಲಿ ಅಕ್ಕಪಕ್ಕ.

ಒಂದು ಕೋಶದಲ್ಲಿ ಸುಮಾರು 2,000 ಜೀನ್. ಎಲ್ಲದರಲ್ಲೂ ಸಿಗುವುದು ಅದರಲ್ಲಿ ಅರ್ಧದಷ್ಟು. ಮಿಕ್ಕದ್ದು ಬೇರೆ ಬೇರೆ. ಮೇಲ್ಪದರದವು ಜೋರು ಬಿಸಿಲಿಗೆ ಒಗ್ಗಿವೆ, ಆಳದವು ಮಂದ ಬೆಳಕಿಗೆ. ರಂಜಕ ಕಡಿಮೆ ಇರುವ ಅಟ್ಲಾಂಟಿಕ್‌ನವಕ್ಕೆ ಅದನ್ನು ಹೀರುವ ಜೀನ್ ಜಾಸ್ತಿ. ಎಲ್ಲ ಬಗೆಗಳ ಜೀನ್ ಕೂಡಿಸಿದರೆ 80,000 ಆದೀತು ಅಂತ ಒಂದು ಅಂದಾಜು. ನಮ್ಮಲ್ಲಿ ಪ್ರೋಟೀನ್ ಮಾಡುವ ಜೀನ್ ಸುಮಾರು 20,000. ಇವಕ್ಕೆ ಜೆರಾಕ್ಸ್ ಅನ್ನುತ್ತೀರಾ?

ಇಲ್ಲಿ ನೀವು ಕೇಳಬೇಕಿದ್ದ ಪ್ರಶ್ನೆ ಬೇರೆ. ಗುಂಪಿನ ಹತ್ತಿರ ಇಷ್ಟು ಜೀನ್ ಇದ್ದೂ ಒಂದೊಂದು ಕೋಶ ಯಾಕೆ ಇಷ್ಟು ಕಮ್ಮಿ ಇಟ್ಟುಕೊಂಡಿದೆ? ಡಿಎನ್‌ಎ ಕಟ್ಟಲು ಸಾರಜನಕ, ರಂಜಕ ಬೇಕು. ಇವು ಬದುಕುವ ನೀರಿನಲ್ಲಿ ಅವೆರಡಕ್ಕೂ ಬರ. ಹಾಗಾಗಿ ಹೊರೆ ಇಳಿಸಿರಬೇಕು. ಹೈಡ್ರೋಜನ್ ಪೆರಾಕ್ಸೈಡ್ ಅನ್ನೋ ವಿಷ ಒಡೆಯುವ ಕ್ಯಾಟಲೇಸ್ ಎಂಬ ಕಿಣ್ವ ಕೂಡ ಇವುಗಳಲ್ಲಿ ಇಲ್ಲ. ಆ ಕೆಲಸ ಅಕ್ಕಪಕ್ಕದ ಬೇರೆ ಬ್ಯಾಕ್ಟೀರಿಯಾಗಳದ್ದು. ಪ್ರಯೋಗಾಲಯದಲ್ಲಿ ಒಂಟಿಯಾಗಿ ಬೆಳೆಸಲು ಹೋದರೆ ಇವು ಸೊರಗುತ್ತವೆ. ಪೆರಾಕ್ಸೈಡ್ ಒಡೆಯುವ ಜೊತೆಗಾರರನ್ನು ಸೇರಿಸಿದರೆ ಚೇತರಿಸಿಕೊಳ್ಳುತ್ತವೆ.